ದೀಪ ಉರಿಯುತ್ತಿದೆ, ನೀರು ಏಳುತ್ತಿಲ್ಲ: ಟಬ್ಬಿನಲ್ಲಿ ತೇಲುವ ಕಾರಂಜಿ ಆಟಿಕೆಯ ಬಗ್ಗೆ ಸಹಾಯ ಬೇಕು

ತುಂತುರು

ನನ್ನ ಮಗಳಿಗೆ ನಾಲ್ಕು ವರ್ಷ. ಎರಡು ತಿಂಗಳ ಹಿಂದೆ ತಲೆಗೆ ನೀರು ಹಾಕುವಾಗ ಶಾಂಪೂ ಕಣ್ಣಿಗೆ ಇಳಿಯಿತು. ಅಂದಿನಿಂದ ಬಚ್ಚಲಿನ ಬಾಗಿಲು ಕಂಡರೆ ಸಾಕು, ನನ್ನ ಕಾಲನ್ನು ಗಟ್ಟಿಯಾಗಿ ತಬ್ಬಿಕೊಂಡು ಅಳುತ್ತಿದ್ದಳು. ತಲೆಯ ಮಾತಿರಲಿ, ಮೈಗೆ ನೀರು ಹಾಕಿಸಿಕೊಳ್ಳುವುದಕ್ಕೂ ಒಪ್ಪುತ್ತಿರಲಿಲ್ಲ. ಒದ್ದೆ ಬಟ್ಟೆಯಿಂದ ಮೈ ಒರೆಸಿ ದಿನ ದೂಡುತ್ತಿದ್ದೆವು.

ಆಗ ನನ್ನ ತಮ್ಮ ಈ ತೇಲುವ ಕಾರಂಜಿಯನ್ನು ತಂದುಕೊಟ್ಟ. ಅಂಗೈ ಅಗಲದ ಪ್ಲಾಸ್ಟಿಕ್ ಆಮೆ. ನೀರಿಗಿಟ್ಟ ಕೂಡಲೇ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಬೆನ್ನಿನ ನಡುವಿನ ತೂತಿನಿಂದ ಒಂದು ಗೇಣು ಎತ್ತರಕ್ಕೆ ನೀರು ಚಿಮ್ಮುತ್ತದೆ. ಬಣ್ಣ ನಿಧಾನವಾಗಿ ಕೆಂಪಿನಿಂದ ಹಸಿರಿಗೆ, ಹಸಿರಿನಿಂದ ನೀಲಿಗೆ ತಿರುಗುತ್ತದೆ. ಮೊದಲ ದಿನ ಮಗಳು ಟಬ್ಬಿನ ಹೊರಗೆ ನಿಂತು ನೋಡಿದಳು. ಎರಡನೆಯ ದಿನ ಕೈ ಅದ್ದಿ ಚಿಮ್ಮುವ ನೀರನ್ನು ಬೆರಳಿನಿಂದ ಕತ್ತರಿಸಿದಳು. ಮೂರನೆಯ ದಿನ ನಾನು ಕರೆಯುವ ಮೊದಲೇ ಒಳಗೆ ಕುಳಿತಿದ್ದಳು. ಅಷ್ಟು ದಿನಗಳ ನನ್ನ ಪುಸಲಾಯಿಕೆಗೆ ಬಗ್ಗದಿದ್ದ ಹೆದರಿಕೆ ಅಷ್ಟು ಬೇಗ ಸಡಿಲವಾದದ್ದನ್ನು ಕಂಡು ನನಗೆ ಕಣ್ಣು ತುಂಬಿ ಬಂದಿತ್ತು.

ಈಗ ಮೂರು ವಾರವಾದ ಮೇಲೆ ಆಮೆ ಕೈಕೊಟ್ಟಿದೆ. ನೀರಿಗಿಟ್ಟರೆ ದೀಪ ಉರಿಯುತ್ತದೆ, ಆದರೆ ನೀರು ಏಳುವುದಿಲ್ಲ. ತೂತಿನ ಬಾಯಲ್ಲಿ ಒಂದು ಗುಳ್ಳೆ ಬಂದು ಒಡೆಯುತ್ತದೆ, ಅಷ್ಟೇ. ಮಗಳು "ಆಮೆಗೆ ಹುಷಾರಿಲ್ಲ" ಎಂದು ಅದಕ್ಕೆ ಟವೆಲ್ ಹೊದಿಸಿ ಮಲಗಿಸಿದ್ದಾಳೆ. ಅದು ಗುಣವಾಗುವವರೆಗೆ ತಾನೂ ಸ್ನಾನ ಮಾಡುವುದಿಲ್ಲವಂತೆ.

ಇದನ್ನು ರಿಪೇರಿ ಮಾಡಬಹುದೇ? ಹೊಸದನ್ನು ಕೊಳ್ಳುವುದಾದರೆ ಏನು ನೋಡಿ ಕೊಳ್ಳಬೇಕು? ಇಂಥದ್ದನ್ನು ಬಳಸಿದವರು ದಯವಿಟ್ಟು ತಿಳಿಸಿ.

ಅವಳಿಗಳ ಅಪ್ಪ

ನಮ್ಮ ಮನೆಯಲ್ಲೂ ಇದೇ ಆಗಿತ್ತು. ಬ್ಯಾಟರಿ ಬದಲಿಸಿದೆ, ಸರಿಯಾಯಿತು. ಮೊದಲು ಅದನ್ನು ನೋಡಿ.

ತುಂತುರು

ನಿನ್ನೆಯೇ ಮೂರೂ ಸೆಲ್‌ಗಳನ್ನು ಬದಲಿಸಿದೆ. ಬೆಳಕು ಹೆಚ್ಚಾಯಿತು, ನೀರು ಮಾತ್ರ ಬರಲಿಲ್ಲ.

ಬೆಸುಗೆ ಕಡ್ಡಿ

ತುಂತುರು ಅವರೇ, ಎಸೆಯಬೇಡಿ. ಇದರ ಒಳಗಿರುವುದು ಇಷ್ಟೇ: ಒಂದು ಸಣ್ಣ ಮೋಟರು, ಅದರ ದಂಡದ ತುದಿಗೆ ಇಂಪೆಲ್ಲರ್ ಎಂಬ ಪುಟ್ಟ ರೆಕ್ಕೆಚಕ್ರ, ಎರಡು ಮೂರು ಎಲ್‌ಇಡಿ, ಕಾಳಿನಷ್ಟು ದೊಡ್ಡ ಒಂದು ಸರ್ಕೀಟು. ತಳದ ಸೀಳುಗಳಿಂದ ನೀರು ಒಳಗೆ ಬರುತ್ತದೆ, ರೆಕ್ಕೆಗಳು ಅದನ್ನು ಅಂಚಿಗೆ ಎರಚುತ್ತವೆ, ಎರಚಿದ ನೀರಿಗೆ ಹೋಗಲು ಮೇಲಿನ ಸಣ್ಣ ತೂತೊಂದೇ ದಾರಿ. ನೀವು ಹೇಳಿದ ಒಂದು ಗೇಣು ಎತ್ತರಕ್ಕೆ, ಎಂದರೆ 20 ಸೆಂಟಿಮೀಟರಿಗೆ ನೀರು ಏರಬೇಕಾದರೆ ಅದು ತೂತಿನಿಂದ ಸೆಕೆಂಡಿಗೆ ಸುಮಾರು 2 ಮೀಟರ್ ವೇಗದಲ್ಲಿ ಹೊರಡಬೇಕು. ಅಂಗೈಯಷ್ಟಿರುವ ವಸ್ತುವಿಗೆ ಇದು ಕಡಿಮೆ ಕೆಲಸವಲ್ಲ.

ನೀರಿಗಿಟ್ಟ ಕೂಡಲೇ ತಾನಾಗಿ ಹೊತ್ತಿಕೊಳ್ಳುವ ಗುಟ್ಟು ತಳದಲ್ಲಿದೆ. ತಿರುಗಿಸಿ ನೋಡಿದರೆ ಎರಡು ಲೋಹದ ಮೊಳೆತಲೆಗಳು ಕಾಣುತ್ತವೆ. ಎರಡೂ ನೀರಿನಲ್ಲಿ ಮುಳುಗಿದಾಗ ನೀರಿನ ಮೂಲಕ ತೀರಾ ಸಣ್ಣ ವಿದ್ಯುತ್ತು ಹರಿದು ಒಳಗಿನ ಟ್ರಾನ್ಸಿಸ್ಟರನ್ನು ಎಬ್ಬಿಸುತ್ತದೆ. ಅದು ಮೋಟರಿಗೂ ದೀಪಕ್ಕೂ ಸ್ವಿಚ್ಚು ಹಾಕುತ್ತದೆ. ಸ್ನಾನವಾದ ಮೇಲೆ ತಳವನ್ನು ಒರೆಸದೆ ಇಟ್ಟರೆ ಆ ಎರಡು ಮೊಳೆಗಳ ನಡುವೆ ಉಳಿದ ನೀರಿನ ಪದರವೇ ಸಾಕು, ದೀಪ ರಾತ್ರಿಯಿಡೀ ಉರಿದು ಸೆಲ್ ಖಾಲಿಯಾಗುತ್ತದೆ. ಅವಳಿಗಳ ಅಪ್ಪ ಅವರ ಮನೆಯಲ್ಲಿ ಆದದ್ದು ಇದೇ ಇರಬಹುದು.

ದೀಪಕ್ಕೆ ಬೇಕಾಗುವ ವಿದ್ಯುತ್ತು ತೀರಾ ಕಡಿಮೆ, ಮೋಟರಿಗೆ ಅದರ ಹಲವು ಪಟ್ಟು ಬೇಕು. ಹಾಗಾಗಿ ಸೆಲ್ ಸೊರಗಿದಾಗ ಮೊದಲು ಸಾಯುವುದು ನೀರು, ಆಮೇಲೆ ಬೆಳಕು. ನೀವು ಹೊಸ ಸೆಲ್ ಹಾಕಿದ್ದರಿಂದ ಆ ಅನುಮಾನ ಹೋಯಿತು. ಈಗ ಉಳಿದದ್ದು ಎರಡು. ಆಮೆಯನ್ನು ನೀರಿಗಿಟ್ಟು ಕಿವಿಗೊಡಿ.

ಮೋಟರು ಗುಂಯ್ ಎಂದು ಜೋರಾಗಿ ತಿರುಗುತ್ತಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ. ಈ ಬಗೆಯ ಪಂಪು ನೀರನ್ನು ಎಸೆಯಬಲ್ಲದು, ಗಾಳಿಯನ್ನು ಎಸೆಯಲಾರದು. ನೊರೆ ಹೀರಿಕೊಂಡರೂ ಇದೇ ಗತಿ, ಏಕೆಂದರೆ ನೊರೆಯಲ್ಲಿ ನೀರಿಗಿಂತ ಗಾಳಿಯೇ ಹೆಚ್ಚು. ಆಟಿಕೆಯನ್ನು ನೀರಿನಡಿ ಓರೆಯಾಗಿ ಹಿಡಿದು ಗುಳ್ಳೆಗಳೆಲ್ಲ ಹೊರಬಂದ ಮೇಲೆ ನೆಟ್ಟಗೆ ಬಿಡಿ.

ಸದ್ದೇ ಇಲ್ಲದಿದ್ದರೆ, ಅಥವಾ ಕಷ್ಟಪಟ್ಟು ಮುಲುಗುತ್ತಿದ್ದರೆ, ರೆಕ್ಕೆಚಕ್ರಕ್ಕೆ ಏನೋ ಸುತ್ತಿಕೊಂಡಿದೆ. ಕೂಡಲೇ ಹೊರಗೆ ತೆಗೆಯಿರಿ. ತಿರುಗಲಾಗದೆ ನಿಂತ ಮೋಟರು ಸುಮ್ಮನೆ ಬಿಸಿಯಾಗಿ ಸುಟ್ಟುಹೋಗುತ್ತದೆ. ಸೆಲ್ ಕಳಚಿ, ತಳದ ಜಾಲರಿಯನ್ನು ಬಿಚ್ಚಿ ನೋಡಿ. ಏನು ಸಿಕ್ಕಿತೆಂದು ಬರೆಯಿರಿ.

ಮೊಮ್ಮಕ್ಕಳ ಅಜ್ಜ

ನನ್ನದೊಂದು ಭಿನ್ನಾಭಿಪ್ರಾಯ. ಮಗುವಿಗೆ ನೀರೇ ದೊಡ್ಡ ಆಟಿಕೆ. ಒಂದು ಮಗ್ಗು, ತೂತು ಬಿದ್ದ ಒಂದು ಡಬ್ಬಿ ಕೊಟ್ಟರೆ ಗಂಟೆಗಟ್ಟಲೆ ಆಡುತ್ತದೆ. ತಾನೇ ಸುರಿಯುವ ಮಗು ಕೈಯಿಂದ ಕಲಿಯುತ್ತದೆ, ತಾನಾಗಿ ಚಿಮ್ಮುವುದನ್ನು ನೋಡುವ ಮಗು ಬರೀ ನೋಡುತ್ತದೆ. ದೀಪವಿಲ್ಲದೆ ಸ್ನಾನವಿಲ್ಲ ಎನ್ನುವ ಅಭ್ಯಾಸ ಆಗಿಬಿಟ್ಟರೆ ಆಟಿಕೆ ಕೆಟ್ಟ ದಿನ ಏನು ಮಾಡುತ್ತೀರಿ? ಈಗ ಆಗಿರುವುದೂ ಅದೇ ಅಲ್ಲವೇ? ತಾಯಿಯನ್ನು ನೋಯಿಸಲು ಹೇಳುತ್ತಿಲ್ಲ, ಮೂವರು ಮೊಮ್ಮಕ್ಕಳಿಗೆ ನೀರು ಹಾಕಿದವನ ಮಾತು ಎಂದು ತಿಳಿಯಿರಿ.

ಸದ್ದು ಕಡಿಮೆ

ಅಜ್ಜನವರೇ, ನಿಮ್ಮ ಮಾತು ಬಹಳ ಮಕ್ಕಳ ಮಟ್ಟಿಗೆ ನಿಜ. ನನ್ನ ಮಗನ ಮಟ್ಟಿಗೆ ಅಲ್ಲ. ಅವನು ಆಟಿಸಂ ಇರುವ ಮಗು, ಏಳು ವರ್ಷ. ತಲೆಯ ಮೇಲೆ ಸುರಿಯುವ ನೀರು ಅವನಿಗೆ ನೀರಿನಂತೆ ಅಲ್ಲ, ಪೆಟ್ಟಿನಂತೆ ತಾಗುತ್ತದೆ. ಡಬ್ಬಿ ಮಗ್ಗುಗಳನ್ನು ಅವನು ಮುಟ್ಟಲೇ ಇಲ್ಲ. ಒಂದೇ ಎತ್ತರಕ್ಕೆ ಒಂದೇ ಸಮನೆ ಏಳುವ ನೀರು ಅವನಿಗೆ ಹಿಡಿಸಿತು. ಮುಂದೆ ಏನಾಗುತ್ತದೆ ಎಂದು ಮೊದಲೇ ಗೊತ್ತಿರುವುದೇ ಅವನಿಗೆ ಧೈರ್ಯ.

ಆದರೆ ಕೊಳ್ಳುವವರಿಗೆ ಒಂದು ಮಾತು. ನಾವು ಮೊದಲು ತಂದ ಕಾರಂಜಿಯ ಮೋಟರಿನ ಸದ್ದಿಗೆ ಅವನು ಕಿವಿ ಮುಚ್ಚಿಕೊಂಡು ಓಡಿದ. ಟಬ್ಬಿನ ಗೋಡೆಗೆ ತಾಗಿದಾಗ ಆ ಗುಂಯ್ ಸದ್ದು ಇಡೀ ಟಬ್ಬಿನಲ್ಲಿ ಹಬ್ಬುತ್ತಿತ್ತು, ನೀರೊಳಗೆ ಕುಳಿತವನಿಗೆ ಮೈಯಲ್ಲೇ ಕೇಳಿಸಿರಬೇಕು. ಎರಡನೆಯದರ ಸುತ್ತ ಮೆತ್ತನೆಯ ಸಿಲಿಕೋನ್ ಅಂಚಿದೆ. ಅದರ ಸದ್ದು ನೀರು ಬೀಳುವ ಸದ್ದಿನಲ್ಲಿ ಮುಳುಗಿಹೋಗುತ್ತದೆ. ಇಂಥ ಮಕ್ಕಳಿದ್ದರೆ ಮೊದಲು ಬಕೆಟಿನಲ್ಲಿ, ಬಾಗಿಲಿನ ಹೊರಗೆ, ದೂರದಿಂದ ತೋರಿಸಿ.

ಮೊಮ್ಮಕ್ಕಳ ಅಜ್ಜ

ನೀವು ಬರೆದದ್ದನ್ನು ಎರಡು ಸಲ ಓದಿದೆ. ನನಗೆ ತಿಳಿಯದ ಸಂಗತಿ ಇದು. ನನ್ನ ಮಾತನ್ನು ಎಲ್ಲ ಮಕ್ಕಳಿಗೂ ಅನ್ವಯಿಸಿ ಹೇಳಬಾರದಿತ್ತು. ನಿಮ್ಮ ಮಗನಿಗೆ ಒಳ್ಳೆಯದಾಗಲಿ.

ತುಂತುರು

ಬೆಸುಗೆ ಕಡ್ಡಿ ಅವರೇ, ಬಿಚ್ಚಿದೆ! ಸದ್ದು ಕೇಳಿದಾಗ ಮುಲುಗಾಟವೇ ಇತ್ತು. ಜಾಲರಿಗೆ ಎರಡು ಸ್ಕ್ರೂ. ತೆಗೆದು ನೋಡಿದರೆ ರೆಕ್ಕೆಚಕ್ರದ ಬುಡದಲ್ಲಿ ಕೂದಲು, ದಾರದ ಉಂಡೆಯ ಹಾಗೆ ಬಿಗಿಯಾಗಿ ಸುತ್ತಿಕೊಂಡಿದೆ. ಮಗಳ ಉದ್ದ ಕೂದಲು ಐದಾರು ಎಳೆ, ನನ್ನದೂ ಒಂದೆರಡು, ಅವುಗಳ ನಡುವೆ ಟವೆಲಿನ ನೀಲಿ ನೂಲು. ಸೂಜಿಯಿಂದ ಒಂದೊಂದೇ ಎಳೆಯನ್ನು ಎತ್ತಿ ಕತ್ತರಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಮಗಳು ಪಕ್ಕದಲ್ಲಿ ಕುಳಿತು ಟಾರ್ಚ್ ಹಿಡಿದಿದ್ದಳು. ಕೊನೆಯ ಎಳೆ ಬಂದಾಗ ಬೆರಳಿನಿಂದ ತಳ್ಳಿದರೆ ಚಕ್ರ ಹಗುರವಾಗಿ ತಿರುಗಿತು.

ಆದರೆ ಇನ್ನೊಂದು ಕಂಡಿತು. ಜಾಲರಿಯ ಒಳಮೈಯಲ್ಲಿ, ನೀರು ಏರುವ ಕೊಳವೆಯ ಬಾಯಲ್ಲಿ, ಕಪ್ಪು ಚುಕ್ಕೆಗಳು. ಬೆರಳಿಟ್ಟರೆ ಲೋಳೆ. ಮೂರೇ ವಾರಕ್ಕೆ! ಹೊರಗಿನಿಂದ ಹೊಸದರಂತೆ ಹೊಳೆಯುತ್ತಿತ್ತು. ಇದನ್ನು ತೊಳೆದು ಬಳಸಬಹುದೇ?

ನಸುಕಿನ ಪಾಳಿ

ನಾನು ಮಕ್ಕಳ ವಾರ್ಡಿನಲ್ಲಿ ನರ್ಸ್. ಮೊದಲು ಆ ಕಪ್ಪು ಚುಕ್ಕೆಯ ವಿಷಯ.

ಸ್ನಾನದ ಆಟಿಕೆಗಳ ಒಳಗೆ ಏನು ಬೆಳೆಯುತ್ತದೆ ಎಂಬುದನ್ನು ಸ್ವಿಟ್ಜರ್ಲೆಂಡ್ ಮತ್ತು ಅಮೆರಿಕದ ಸಂಶೋಧಕರು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ್ದಾರೆ. ಮನೆಗಳಲ್ಲಿ ನಿಜವಾಗಿ ಬಳಸಿದ್ದ, ಹಿಸುಕಿದರೆ ನೀರು ಚಿಮ್ಮುವ ಬಾತುಕೋಳಿಯಂಥ ಆಟಿಕೆಗಳನ್ನು ಸೀಳಿ ನೋಡಿದರು. ಒಳಮೈಯ ಒಂದು ಚದರ ಸೆಂಟಿಮೀಟರಿನಲ್ಲಿ 50 ಲಕ್ಷದಿಂದ 7.5 ಕೋಟಿಯವರೆಗೆ ಬ್ಯಾಕ್ಟೀರಿಯಾ ಇದ್ದವು. ಸುಮಾರು ಶೇಕಡಾ 60ರಷ್ಟು ಆಟಿಕೆಗಳಲ್ಲಿ ಬೂಷ್ಟೂ ಇತ್ತು. ಮೆದು ಪ್ಲಾಸ್ಟಿಕ್ಕೇ ಸೂಕ್ಷ್ಮಜೀವಿಗಳಿಗೆ ಆಹಾರ ಒದಗಿಸುತ್ತದೆ, ಜೊತೆಗೆ ಸಾಬೂನು, ಮೈಯ ಬೆವರು, ಕೊಳೆ ಸೇರುತ್ತವೆ. ಹಾಗೆಂದು ಗಾಬರಿ ಬೇಡ. ನಮ್ಮ ಸುತ್ತ ಬ್ಯಾಕ್ಟೀರಿಯಾ ಇರುವುದು ಸಹಜ, ಗಟ್ಟಿಮುಟ್ಟಾದ ಮಗುವಿಗೆ ಅವುಗಳಲ್ಲಿ ಹೆಚ್ಚಿನವು ಏನೂ ಮಾಡುವುದಿಲ್ಲ. ಆದರೆ ಇಂಥ ಆಟಿಕೆ ನೀರನ್ನು ಮುಖಕ್ಕೇ ಚಿಮ್ಮಿಸುತ್ತದೆ. ಕಣ್ಣು, ಕಿವಿ, ಬಾಯಿಗೆ ಹೋಗುವ ನೀರು ಅದು. ರೋಗನಿರೋಧಕ ಶಕ್ತಿ ಕುಂದಿದ ಮಗು ಇರುವ ಮನೆಯಲ್ಲಿ ಒಳಗೆ ಬೂಷ್ಟು ಕಂಡ ಆಟಿಕೆಯನ್ನು ಇಟ್ಟುಕೊಳ್ಳಬೇಡಿ.

ನಿಮ್ಮದು ಗಟ್ಟಿ ಪ್ಲಾಸ್ಟಿಕ್, ಪೂರ್ತಿ ಬಿಚ್ಚಬಹುದು. ಆದ್ದರಿಂದ ತೊಳೆದು ನೋಡಬಹುದು. ಸೆಲ್ ಇರುವ ಭಾಗವನ್ನು ಬಿಟ್ಟು ಉಳಿದ ಬಿಡಿಭಾಗಗಳನ್ನು ಸಾಬೂನು ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಆಮೇಲೆ ವಿನಿಗರ್ ಮತ್ತು ನೀರನ್ನು ಸಮಸಮ ಬೆರೆಸಿ ಅದರಲ್ಲಿ ಒಂದು ಗಂಟೆ ನೆನೆಸಿಡಿ. ಚೆನ್ನಾಗಿ ಜಾಲಿಸಿ, ಪೂರ್ತಿ ಒಣಗಿಸಿ. ಒಂದು ಎಚ್ಚರಿಕೆ: ವಿನಿಗರ್ ಮತ್ತು ಬ್ಲೀಚನ್ನು ಎಂದೂ ಒಟ್ಟಿಗೆ ಬಳಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಅದು ಉಸಿರಿಗೇ ಅಪಾಯ. ಉಜ್ಜಿದ ಮೇಲೂ ಕಪ್ಪು ಹೋಗದಿದ್ದರೆ ಆ ಆಟಿಕೆಯ ಮೇಲೆ ಮಮತೆ ಬೇಡ.

ಇನ್ನು ನಾನು ಇಲ್ಲಿಗೆ ಬಂದ ಮುಖ್ಯ ಕಾರಣ. ನಿಮ್ಮ ಆಟಿಕೆಯಲ್ಲಿ ದೊಡ್ಡ ಸೆಲ್ ಇದೆ, ಒಳ್ಳೆಯದು. ಕೆಲವು ತೇಲುವ ದೀಪಗಳಲ್ಲಿ ನಾಣ್ಯದಂಥ ಚಪ್ಪಟೆ ಸೆಲ್ ಇರುತ್ತದೆ. 20 ಮಿಲಿಮೀಟರ್ ಅಗಲದ ಆ 3 ವೋಲ್ಟ್ ಲಿಥಿಯಂ ಸೆಲ್ಲನ್ನು ಮಗು ನುಂಗಿದರೆ ಅದು ಅನ್ನನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಅಲ್ಲಿನ ತೇವದಲ್ಲಿ ವಿದ್ಯುತ್ತು ಹರಿದು ಪ್ರಬಲವಾದ ಕ್ಷಾರ ಹುಟ್ಟುತ್ತದೆ, ಎರಡೇ ಗಂಟೆಯಲ್ಲಿ ಅನ್ನನಾಳ ಸುಡಲು ತೊಡಗುತ್ತದೆ. ಸೆಲ್ ಒಡೆಯಬೇಕಾಗಿಯೂ ಇಲ್ಲ, ಸೋರಬೇಕಾಗಿಯೂ ಇಲ್ಲ. ದೀಪ ಉರಿಸಲಾಗದಷ್ಟು ಸೊರಗಿದ ಸೆಲ್ ಕೂಡ ಸುಡಬಲ್ಲದು. ನುಂಗಿರಬಹುದು ಎಂಬ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಬೇಡಿ, ಕಾದು ನೋಡೋಣ ಎನ್ನಬೇಡಿ, ನೇರವಾಗಿ ಆಸ್ಪತ್ರೆಗೆ ಹೋಗಿ "ಸೆಲ್ ನುಂಗಿರಬಹುದು" ಎಂದೇ ಹೇಳಿ. ಎಕ್ಸ್‌ರೇಯಲ್ಲಿ ತಿಳಿಯುತ್ತದೆ. ಜೊಲ್ಲು ಸುರಿಸುತ್ತಾ ಏನನ್ನೂ ನುಂಗಲಾಗದೆ ಅಳುವ ಮಕ್ಕಳನ್ನು ನಾನು ನೋಡಿದ್ದೇನೆ. ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಬೆಸುಗೆ ಕಡ್ಡಿ

ನಸುಕಿನ ಪಾಳಿ ಅವರ ಮಾತಿಗೆ ಒಂದು ಸೇರಿಸುತ್ತೇನೆ. ವಿದ್ಯುತ್ ಆಟಿಕೆಗಳಿಗೆ ಐಇಸಿ 62115 ಎಂಬ ಅಂತರರಾಷ್ಟ್ರೀಯ ಸುರಕ್ಷತಾ ಮಾನದಂಡವಿದೆ. ಅದರ ಪ್ರಕಾರ ಆಟಿಕೆಯ ವೋಲ್ಟೇಜ್ 24 ವೋಲ್ಟ್ ಮೀರುವಂತಿಲ್ಲ. ಇಂಥ ಕಾರಂಜಿಗೆ ಮೂರು ಸೆಲ್‌ಗಳ 4.5 ವೋಲ್ಟ್ ಸಾಕು. ಅದರಿಂದ ಟಬ್ಬಿನಲ್ಲಿರುವ ಮಗುವಿಗೆ ಶಾಕ್ ಹೊಡೆಯುವ ಭಯವಿಲ್ಲ. ಸಣ್ಣ ಸೆಲ್‌ಗಳ ಮುಚ್ಚಳ ಬರಿಗೈಯಲ್ಲಿ ಸುಲಭವಾಗಿ ತೆರೆದುಕೊಳ್ಳಬಾರದು. ಮುಚ್ಚಳಕ್ಕೆ ಸ್ಕ್ರೂ ಇಲ್ಲದೆ ಉಗುರಿನಿಂದಲೇ ತೆರೆಯುವಂತಿದ್ದರೆ ಅಂಥದ್ದನ್ನು ಮನೆಗೆ ತರಬೇಡಿ.

ಚಾರ್ಜ್ ಮಾಡುವ ಬಗೆಯದಾದರೆ ಚಾರ್ಜಿಂಗ್ ತೂತಿಗೆ ರಬ್ಬರ್ ಬಿರಡೆ ಇರುತ್ತದೆ. ಒರೆಸಿ ಒಣಗಿಸಿದ ಮೇಲೆ, ಬಚ್ಚಲಿನಿಂದ ದೂರ, ಬೇರೆ ಕೋಣೆಯಲ್ಲಿ ಚಾರ್ಜ್ ಮಾಡಿ. ಚಾರ್ಜರಿಗೆ ಸಿಕ್ಕಿಸಿದ ಆಟಿಕೆ ಟಬ್ಬಿನ ಹತ್ತಿರ ಸುಳಿಯಲೇಬಾರದು.

ಡಬ್ಬಿಯ ಮೇಲೆ ಐಪಿಎಕ್ಸ್7 ಎಂದಿದ್ದರೆ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಇಟ್ಟು ಪರೀಕ್ಷಿಸಿದ್ದಾರೆ ಎಂದು ಅರ್ಥ. ಐಪಿಎಕ್ಸ್4 ಎಂದರೆ ಬರೀ ಎರಚಲಿಗೆ ತಡೆಯುತ್ತದೆ, ತೇಲುವ ಆಟಿಕೆಗೆ ಅದು ಸಾಲದು. ಆದರೆ ಆ ಪರೀಕ್ಷೆ ಮಾಡುವುದು ಬರಿಯ ನೀರಿನಲ್ಲಿ. ಸಾಬೂನು ನೀರು ಸಂದಿಗಳಲ್ಲಿ ಬರಿಯ ನೀರಿಗಿಂತ ಸುಲಭವಾಗಿ ನುಸುಳುತ್ತದೆ, ಸ್ನಾನದ ಎಣ್ಣೆ ಕೆಲವು ರಬ್ಬರುಗಳನ್ನು ಉಬ್ಬಿಸಿ ಸಡಿಲ ಮಾಡುತ್ತದೆ. ಇನ್ನೊಂದು ಸಂಗತಿ ಯಾರೂ ಗಮನಿಸುವುದಿಲ್ಲ. ಬೆಚ್ಚನೆಯ ನೀರಿನಲ್ಲಿ ಆಟಿಕೆಯೊಳಗಿನ ಗಾಳಿ ಹಿಗ್ಗಿ ರಬ್ಬರ್ ರಿಂಗಿನ ಅಂಚಿನಿಂದ ಒಂದಿಷ್ಟು ಹೊರಗೆ ಹೋಗುತ್ತದೆ. ಸ್ನಾನ ಮುಗಿದ ಮೇಲೆ ಅದನ್ನು ತಣ್ಣೀರಿಗೆ ಹಾಕಿದರೆ, ಅಥವಾ ಒದ್ದೆಯಾಗಿಯೇ ತಣ್ಣನೆಯ ನೆಲದ ಮೇಲಿಟ್ಟರೆ, ಒಳಗಿನ ಗಾಳಿ ಕುಗ್ಗಿ ರಿಂಗಿನ ಸುತ್ತ ನಿಂತ ನೀರನ್ನು ಒಳಕ್ಕೆ ಎಳೆಯುತ್ತದೆ. ಸೆಲ್ ಡಬ್ಬಿಯಲ್ಲಿ ಹಸಿರು ಕಿಲುಬು ಕಟ್ಟುವುದಕ್ಕೆ ಇದೂ ಒಂದು ಕಾರಣ. ಆದ್ದರಿಂದ ಬೆಚ್ಚನೆಯ ನೀರಿನಲ್ಲೇ ಜಾಲಿಸಿ, ಕೂಡಲೇ ಬಟ್ಟೆಯಿಂದ ಒರೆಸಿ.

ಸೀಮೆಸುಣ್ಣ

ನಾನು ಭೌತಶಾಸ್ತ್ರ ಕಲಿಸುವವನು. ರಿಪೇರಿಯ ನಡುವೆ ಒಂದು ಸಂತೋಷದ ಸಂಗತಿಯನ್ನು ಹೇಳದೆ ಇರಲಾರೆ.

ಆಮೆಯ ಬೆನ್ನಿನಿಂದ ಏಳುವ ನೀರಿನ ಎಳೆಯನ್ನು ಹತ್ತಿರದಿಂದ ನೋಡಿ. ದೀಪ ಇರುವುದು ತಳದಲ್ಲಿ, ಆದರೆ ಹೊಳೆಯುವುದು ನೀರಿನ ತುದಿ. ಬೆಳಕು ನೀರಿನ ಎಳೆಯೊಳಗೆ ಸೆರೆಯಾಗಿ ಅದರ ಜೊತೆಗೇ ಮೇಲಕ್ಕೆ ಹೋಗುತ್ತಿದೆ. ನೀರಿನೊಳಗಿನ ಬೆಳಕು ನೀರಿನ ಮೈಯನ್ನು ನೆಟ್ಟಗೆ ಮುಟ್ಟಿದರೆ ಹೊರಗೆ ಹೋಗುತ್ತದೆ. ಲಂಬದಿಂದ ಸುಮಾರು 49 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಮುಟ್ಟಿದರೆ ಹೊರಗೆ ದಾರಿಯಿಲ್ಲ, ಕನ್ನಡಿಗೆ ಬಡಿದಂತೆ ಒಳಕ್ಕೇ ಪುಟಿಯುತ್ತದೆ. ಶಾಲೆಯಲ್ಲಿ ಓದಿದ ಸಂಪೂರ್ಣ ಆಂತರಿಕ ಪ್ರತಿಫಲನ ಇದೇ.

ಇದನ್ನು 1841ರಲ್ಲಿ ಜಿನೀವಾದಲ್ಲಿ ಭೌತವಿಜ್ಞಾನಿ ಜಾನ್-ಡೇನಿಯಲ್ ಕೊಲಾಡನ್ ಮಾಡಿ ತೋರಿಸಿದರು. ಅವರಿಗೆ ಬೇಕಾಗಿದ್ದದ್ದು ನೀರಿನ ಧಾರೆ ಹೇಗೆ ಹರಿಯುತ್ತದೆ ಎಂಬುದನ್ನು ಸಭೆಯಲ್ಲಿ ಕುಳಿತವರೆಲ್ಲ ಕಾಣುವಂತೆ ಮಾಡುವುದು. ತೊಟ್ಟಿಯ ಒಂದು ಬದಿಯಲ್ಲಿ ತೂತು, ಎದುರು ಬದಿಯಿಂದ ಮಸೂರದ ಮೂಲಕ ಬೆಳಕು. ಕೋಣೆ ಕತ್ತಲಾದಾಗ ಬೆಳಕು ಧಾರೆಯೊಳಗೇ ಬಾಗಿ ಇಳಿಯುವುದು ಎಲ್ಲರಿಗೂ ಕಂಡಿತು. 1854ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಜಾನ್ ಟಿಂಡಾಲ್ ಇಂಥದ್ದೇ ಪ್ರಯೋಗ ತೋರಿಸಿದರು. 1889ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಜನ ಮುಗಿಬಿದ್ದು ನೋಡಿದ ಬಣ್ಣದ ಕಾರಂಜಿಗಳ ಹಿಂದೆ ಇದ್ದದ್ದೂ ಇದೇ ತತ್ತ್ವ. ಇಂದು ನಮ್ಮ ಮನೆಗಳಿಗೆ ಇಂಟರ್ನೆಟ್ ತರುವ ಆಪ್ಟಿಕಲ್ ಫೈಬರಿನ ಗಾಜಿನ ಎಳೆಯೊಳಗೆ ಬೆಳಕು ಸಾಗುವುದೂ ಹೀಗೆಯೇ. ಅಷ್ಟೆಲ್ಲ ಆ ಪುಟ್ಟ ಹುಡುಗಿಯ ಟಬ್ಬಿನಲ್ಲಿ ನಡೆಯುತ್ತಿದೆ ಎಂದು ನೆನೆದರೆ ನನಗೆ ರೋಮಾಂಚನವಾಗುತ್ತದೆ.

ಇನ್ನೊಂದು ನೋಡಿ. ಎಳೆ ಸ್ವಲ್ಪ ದೂರ ನುಣುಪಾಗಿ ಏರಿ, ಮುಂದೆ ಹನಿಹನಿಯಾಗಿ ಒಡೆಯುತ್ತದೆ. ಮೇಲ್ಮೈ ಎಳೆತ ನೀರನ್ನು ಎಳೆಯಾಗಿ ಇರಗೊಡದೆ ಗುಂಡಾಗಿಸುವುದರಿಂದ ಹೀಗಾಗುತ್ತದೆ. ಒಡೆಯುವ ಜಾಗದಲ್ಲೇ ಮಿನುಗು ಹೆಚ್ಚು, ಏಕೆಂದರೆ ಸೆರೆಯಲ್ಲಿದ್ದ ಬೆಳಕಿಗೆ ಅಲ್ಲಿ ಬಿಡುಗಡೆ. ಬಚ್ಚಲಿನ ದೀಪ ಆರಿಸಿ ನೋಡಿದರೆ ಇದು ಬಹಳ ಚೆನ್ನಾಗಿ ಕಾಣುತ್ತದೆ.

ನಸುಕಿನ ಪಾಳಿ

ಸೀಮೆಸುಣ್ಣ ಅವರೇ, ಓದಿ ನನಗೂ ಸಂತೋಷವಾಯಿತು. ಆದರೆ ದೀಪವನ್ನು ಪೂರ್ತಿ ಆರಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಚಿಕ್ಕ ಮಗು ಮುಳುಗುವುದಕ್ಕೆ ಒಂದೆರಡು ಅಂಗುಲ ನೀರು ಸಾಕು. ಮುಳುಗುವ ಮಗು ಕೂಗುವುದಿಲ್ಲ, ಹೆಚ್ಚಾಗಿ ಕೈಕಾಲನ್ನೂ ಬಡಿಯುವುದಿಲ್ಲ, ಸದ್ದಿಲ್ಲದೆ ಮುಳುಗುತ್ತದೆ. ಬಣ್ಣ ಬದಲಾಗುವ ಬೆಳಕಿನಲ್ಲಿ ತುಟಿ ನೀಲಿಗಟ್ಟಿದರೂ ನಿಮಗೆ ತಿಳಿಯುವುದಿಲ್ಲ. ಮಗುವಿನ ಮುಖ ಸ್ಪಷ್ಟವಾಗಿ ಕಾಣುವಷ್ಟು ಬೆಳಕು ಇರಲೇಬೇಕು.

ಈ ಆಟಿಕೆಯ ಬಗ್ಗೆ ನನಗಿರುವ ನಿಜವಾದ ಹೆದರಿಕೆಯೂ ಅದೇ. ಮಗು ಮೈಮರೆತು ಆಡುವುದನ್ನು ಕಂಡಾಗ ಒಂದು ನಿಮಿಷ ಟವೆಲ್ ತರೋಣ, ಫೋನ್ ನೋಡೋಣ ಎನ್ನಿಸುತ್ತದೆ. ಹೋಗಬೇಡಿ. ಬಾಗಿಲಲ್ಲಿ ನಿಂತು ನೋಡಿದರೂ ಸಾಲದು, ಕೈ ಚಾಚಿದರೆ ಮಗು ಸಿಗುವಷ್ಟು ಹತ್ತಿರ ಕುಳಿತಿರಿ. ಸ್ನಾನಕ್ಕೆ ಬೇಕಾದದ್ದೆಲ್ಲ ಮೊದಲೇ ಪಕ್ಕದಲ್ಲಿರಲಿ. ಹೋಗಲೇಬೇಕಾದರೆ ಮಗುವನ್ನು ಎತ್ತಿಕೊಂಡೇ ಹೋಗಿ. ಉದ್ದ ಕೂದಲನ್ನು ಮೇಲಕ್ಕೆ ಕಟ್ಟಿ. ತುಂತುರು ಅವರ ಆಮೆಗೆ ಬರೀ ಉದುರಿದ ಕೂದಲು ಸಿಕ್ಕಿತು, ತಲೆಯಲ್ಲಿರುವ ಕೂದಲೂ ಸಿಗಬಹುದು.

ಸೀಮೆಸುಣ್ಣ

ನನ್ನದು ತಪ್ಪಾಯಿತು. ಮಕ್ಕಳಿಲ್ಲದಾಗ ಆರಿಸಿ ನೋಡಿ, ಅಥವಾ ಬಕೆಟಿನಲ್ಲಿಟ್ಟು ಎಲ್ಲರೂ ಸುತ್ತ ಕುಳಿತು ನೋಡಿ. ನೆನಪಿಸಿದ್ದಕ್ಕೆ ವಂದನೆಗಳು.

ಅವಳಿಗಳ ಅಪ್ಪ

ಒಂದು ಪ್ರಶ್ನೆ. ನಮ್ಮ ಹುಡುಗರು ಈ ಕಾರಂಜಿ ಬಂದ ಮೇಲೆ ರಾತ್ರಿ ಸ್ನಾನವಾಗಿ ಒಂದು ಗಂಟೆ ಕಳೆದರೂ ನಿದ್ದೆ ಮಾಡುವುದಿಲ್ಲ. ಆಟದ ಹುಮ್ಮಸ್ಸೋ, ಬೆಳಕಿನ ಪ್ರಭಾವವೋ?

ನಸುಕಿನ ಪಾಳಿ

ಎರಡೂ ಇರಬಹುದು. ನಿದ್ದೆಯ ಹೊತ್ತಾಯಿತು ಎಂದು ಮೈಗೆ ತಿಳಿಸುವ ಮೆಲಟೋನಿನ್ ಎಂಬ ಹಾರ್ಮೋನನ್ನು ನೀಲಿ ಬೆಳಕು ಎಲ್ಲಕ್ಕಿಂತ ಹೆಚ್ಚು ತಡೆಯುತ್ತದೆ, ಕೆಂಪು ಬೆಳಕು ಕಡಿಮೆ. ಚಿಕ್ಕ ಮಕ್ಕಳ ಕಣ್ಣು ದೊಡ್ಡವರಿಗಿಂತ ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ಒಂದೇ ಬಣ್ಣದಲ್ಲಿ ನಿಲ್ಲಿಸುವ ಗುಂಡಿ ನಿಮ್ಮ ಆಟಿಕೆಗೆ ಇದ್ದರೆ ರಾತ್ರಿ ಕೆಂಪಿನಲ್ಲೋ ಕಿತ್ತಳೆಯಲ್ಲೋ ಇಡಿ. ಇಲ್ಲವಾದರೆ ಸ್ನಾನವನ್ನು ಸಂಜೆಗೆ ತಂದುಬಿಡಿ. ಪಟಪಟನೆ ಮಿನುಗುವ ಆಯ್ಕೆಯನ್ನು ಮಾತ್ರ ಬಳಸಲೇಬೇಡಿ. ಸೆಕೆಂಡಿಗೆ ಮೂರು ಸಲಕ್ಕಿಂತ ಹೆಚ್ಚು ಮಿನುಗುವ ಬೆಳಕು ಕೆಲವು ಮಕ್ಕಳಲ್ಲಿ ಅಪಸ್ಮಾರದ ಸೆಳೆತ ತರಬಹುದು, ಅದೂ ನೀರಿನಲ್ಲಿ ಕುಳಿತಿರುವಾಗ.

ಸದ್ದು ಕಡಿಮೆ

ಮಿನುಗುವ ಬೆಳಕು ನನ್ನ ಮಗನಿಗೆ ಬೇರೆಯದೇ ಹಿಂಸೆ. ಬಣ್ಣ ನಿಧಾನವಾಗಿ ಬದಲಾಗುತ್ತದೆಯೇ ಎಂಬುದೇ ಕೊಳ್ಳುವಾಗ ನಾನು ಕೇಳುವ ಮೊದಲ ಪ್ರಶ್ನೆ.

ಹೊಸ ತಂದೆ

ನಮ್ಮ ಮಗುವಿಗೆ ಎಂಟು ತಿಂಗಳು. ಈಗಲೇ ತರಬಹುದೇ?

ನಸುಕಿನ ಪಾಳಿ

ಬೇಡ. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುವ ವಯಸ್ಸು ಅದು. ಡಬ್ಬಿಯ ಮೇಲೆ ಬರೆದ ವಯಸ್ಸನ್ನು ನೋಡಿ, ಮೂರು ವರ್ಷದ ಕೆಳಗಿನವರಿಗಲ್ಲ ಎಂಬ ಗುರುತಿದ್ದರೆ ಅದನ್ನು ಪಾಲಿಸಿ. ನಿಮ್ಮ ಮಗುವಿಗೆ ಅಜ್ಜನವರು ಹೇಳಿದ ಮಗ್ಗೇ ಸರಿಯಾದ ಆಟಿಕೆ. ನೀರು 37-38 ಡಿಗ್ರಿ ಇರಲಿ, ಮೊಣಕೈ ಅದ್ದಿ ನೋಡಿ.

ತುಂತುರು

ನಾಲ್ಕು ದಿನದ ಸುದ್ದಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲ ದಿನ ಬಿಡಿಭಾಗಗಳನ್ನು ಉಜ್ಜಿ ವಿನಿಗರಿನಲ್ಲಿ ನೆನೆಸಿದೆ. ಚುಕ್ಕೆಗಳು ಪೂರ್ತಿ ಹೋದವು, ಕೊಳವೆಯ ಬಾಯನ್ನು ಹತ್ತಿಯ ಕಡ್ಡಿಯಿಂದ ತಿಕ್ಕಬೇಕಾಯಿತು. ತೂತಿನ ಸುತ್ತ ಗಡಸು ನೀರಿನ ಬಿಳಿಯ ಕರೆ ಇತ್ತು, ಅದೂ ವಿನಿಗರಿಗೆ ಕರಗಿತು. ಕಿಟಕಿಯ ಬಳಿ ಎರಡು ದಿನ ಒಣಗಲು ಬಿಟ್ಟೆ. ಮಗಳು ಬೆಳಿಗ್ಗೆ ಸಂಜೆ ಹೋಗಿ ರೋಗಿಯನ್ನು ವಿಚಾರಿಸಿಕೊಂಡು ಬಂದಳು.

ಮೂರನೆಯ ದಿನ ಜೋಡಿಸಿ ನೀರಿಗಿಟ್ಟರೆ ದೀಪ ಬಂತು, ನೀರು ಮತ್ತೆ ಇಲ್ಲ! ಈ ಸಲ ಮೋಟರು ಗುಂಯ್ ಎನ್ನುತ್ತಿತ್ತು. ಬೆಸುಗೆ ಕಡ್ಡಿ ಅವರ ಮಾತು ನೆನಪಾಗಿ ನೀರಿನಡಿ ಓರೆ ಮಾಡಿ ಹಿಡಿದೆ. ಬುಳಬುಳನೆ ನಾಲ್ಕು ಗುಳ್ಳೆ ಬಂದವು. ನೆಟ್ಟಗೆ ಬಿಟ್ಟ ಕೂಡಲೇ ನೀರು ಮೊದಲ ದಿನದಷ್ಟೇ ಎತ್ತರಕ್ಕೆ ಎದ್ದಿತು. ಮಗಳು ಚಪ್ಪಾಳೆ ತಟ್ಟಿದ ಸದ್ದು ಇನ್ನೂ ಕಿವಿಯಲ್ಲಿದೆ.

ಅಜ್ಜನವರ ಮಾತನ್ನೂ ಮರೆತಿಲ್ಲ. ತೂತು ಮಾಡಿದ ಒಂದು ಡಬ್ಬಿಯನ್ನು ಟಬ್ಬಿನಲ್ಲಿಟ್ಟಿದ್ದೇನೆ. ನಿನ್ನೆ ಆಮೆ ಚಿಮ್ಮಿಸುವ ನೀರನ್ನು ಡಬ್ಬಿಯಲ್ಲಿ ಹಿಡಿದು, ಅದರಿಂದ ಗೊಂಬೆಯ ತಲೆಗೆ ಸುರಿದಳು. ಗೊಂಬೆಗೆ "ಮೇಲೆ ನೋಡು, ಕಣ್ಣಿಗೆ ಬರುವುದಿಲ್ಲ" ಎಂದು ನಾನು ಹೇಳುವ ಧಾಟಿಯಲ್ಲೇ ಹೇಳಿದಳು. ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದು, ಆಮೇಲೆ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ತಾನೇ ಕತ್ತನ್ನು ಹಿಂದಕ್ಕೆ ಚಾಚಿ ಚಾವಣಿ ನೋಡಿದಳು. ಎರಡು ತಿಂಗಳ ಮೇಲೆ ಅವಳ ತಲೆಗೆ ನೀರು ಬಿತ್ತು. ಶಾಂಪೂ ಹಾಕಲಿಲ್ಲ, ಅದು ಮುಂದಿನ ವಾರಕ್ಕಿರಲಿ.

ಸೆಲ್ ಮುಚ್ಚಳದ ರಬ್ಬರ್ ರಿಂಗ್ ಒಂದು ಕಡೆ ಹಿಗ್ಗಿ ಸಡಿಲವಾಗಿದೆ. ಬೇರೆ ಹಾಕಬಹುದೇ?

ಬೆಸುಗೆ ಕಡ್ಡಿ

ಹಾಕಬಹುದು. ಹಳೆಯ ರಿಂಗಿನ ಒಳವ್ಯಾಸ ಮತ್ತು ದಪ್ಪವನ್ನು ಅಳೆದು, ಅದೇ ಅಳತೆಯ ಸಿಲಿಕೋನ್ ಓ-ರಿಂಗ್ ತನ್ನಿ. ಹಿಗ್ಗಿರುವ ಭಾಗವನ್ನು ಬಿಟ್ಟು, ಚೆನ್ನಾಗಿರುವ ಕಡೆ ದಪ್ಪ ಅಳೆಯಿರಿ. ವ್ಯಾಸವನ್ನು ಮುಚ್ಚಳದಲ್ಲಿ ರಿಂಗ್ ಕೂರುವ ತೋಡಿನಲ್ಲೇ ಅಳೆದರೆ ಒಳ್ಳೆಯದು. ಅಲ್ಲಿಯವರೆಗೆ ಪ್ರತಿ ಸ್ನಾನದ ನಂತರ ಮುಚ್ಚಳ ತೆರೆದು ಸೆಲ್ ಹೊರಗೆ ತೆಗೆದು ಮಗುವಿನ ಕೈಗೆ ಸಿಗದ ಕಡೆ ಇಡಿ. ಅಳತೆ ಗೊತ್ತಾದ ಮೇಲೆ ಇಲ್ಲೇ ಬರೆಯಿರಿ, ನೋಡಿ ಹೇಳುತ್ತೇನೆ.